ಸ್ವಾರ್ಥಿಗಳೇ ತುಂಬಿದ ಜಾಲದಲ್ಲಿ ಸಹಕಾರ ಗೆಲ್ಲುವುದು ಯಾವಾಗ?

[ಪರದೆ: ಬಳೆಯಾಕಾರದಲ್ಲಿ ಚುಕ್ಕೆಗಳು. ಒಂದು ಬದಿ ಪೂರ್ತಿ ಹಸಿರು, ಇನ್ನೊಂದು ಬದಿ ಪೂರ್ತಿ ಕೆಂಪು]

ನೆರವಾದರೆ ಕೈಯಿಂದ ಖರ್ಚು, ಸುಮ್ಮನಿದ್ದರೆ ಪುಕ್ಕಟೆ ಲಾಭ. ಎಲ್ಲರೂ ಎಲ್ಲರೊಡನೆ ಬೆರೆಯುವ ಗುಂಪಿನಲ್ಲಿ ಬಿಟ್ಟಿ ಗಿರಾಕಿಯೇ ಗೆಲ್ಲುತ್ತಾನೆ. ಆದರೆ ಪ್ರತಿಯೊಬ್ಬರಿಗೂ ನೆರೆಯವರು ಬೆರಳೆಣಿಕೆಯಷ್ಟೇ ಇದ್ದರೆ ಲೆಕ್ಕ ಬೇರೆ. ಹಾಕಿಯೇ ನೋಡೋಣ.

ಇಲ್ಲಿ ಪ್ರತಿ ಚುಕ್ಕೆಗೂ ಇಬ್ಬರು ನೆರೆಯವರು. ಹಸಿರು ಸಹಕಾರಿ: ಒಬ್ಬೊಬ್ಬ ನೆರೆಯವರಿಗೂ 2 ಅಂಕ ಖರ್ಚು ಮಾಡುತ್ತದೆ, ಅವರಿಗೆ ತಲಾ 6 ಅಂಕ ಸಿಗುತ್ತದೆ. ಕೆಂಪು ಏನೂ ಕೊಡುವುದಿಲ್ಲ.

[ಪರದೆ: ಗಡಿಯ ನಾಲ್ಕು ಚುಕ್ಕೆಗಳು ದೊಡ್ಡದಾಗಿ. ಮೇಲೆ ಅಂಕ: 8, 2, 6, 0]

ಒಳಗಿನ ಹಸಿರಿಗೆ 12 ಬಂದು 4 ಹೋಗಿ 8 ಉಳಿಯಿತು. ಗಡಿಯ ಹಸಿರಿಗೆ 6ರಲ್ಲಿ 4 ಕಳೆದು 2. ಗಡಿಯ ಕೆಂಪಿಗೆ ಪೂರ್ತಿ 6. ಒಳಗಿನ ಕೆಂಪಿಗೆ ಸೊನ್ನೆ.

2ಕ್ಕೆ ಎದುರು 6, ಅಲ್ಲಿಗೆ ಸಹಕಾರ ಸೋತಿತು ಅನ್ನಿಸುತ್ತದೆ. ಅವಸರ ಬೇಡ. ಗಡಿಯ ಕೆಂಪು ಜಾಗ ತೆರವಾಯಿತು ಎಂದುಕೊಳ್ಳಿ. ಅದಕ್ಕೆ ಪೈಪೋಟಿ ಅಕ್ಕಪಕ್ಕದವರ ನಡುವೆ, ಅಂಕ ಹೆಚ್ಚಿದ್ದವರ ಬಣ್ಣ ಅಲ್ಲಿ ಕೂರುವ ಸಾಧ್ಯತೆ ಹೆಚ್ಚು: ಹಸಿರಿನ 2, ಒಳಗಿನ ಕೆಂಪಿನ 0. ಗಡಿಯ ಹಸಿರು ತೆರವಾದರೆ? ಒಳಗಿನ ಹಸಿರಿನ 8, ಕೆಂಪಿನ 6. ಎರಡು ಕಡೆಯೂ ಹಸಿರಿಗೇ ಹೆಚ್ಚು ಅವಕಾಶ.

ಈಗ 6ರ ಬದಲು 3 ಇಡಿ. ಅಂಕಗಳು 2, ಮೈನಸ್ 1, 3, 0. ಎರಡು ಕಡೆಯೂ ಕೆಂಪು ಮುಂದೆ.

2006ರಲ್ಲಿ ಒಹ್ಟ್ಸುಕಿ, ನೊವಾಕ್ ಮತ್ತು ಸಂಗಡಿಗರು ಇದನ್ನೇ ಸರಳ ಸೂತ್ರವಾಗಿ ಕೊಟ್ಟರು: ಲಾಭವನ್ನು ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಸರಾಸರಿ ನೆರೆಯವರ ಸಂಖ್ಯೆಗಿಂತ ದೊಡ್ಡದಿರಬೇಕು. ನಮ್ಮ ಮೊದಲ ಲೆಕ್ಕದಲ್ಲಿ ಅದು 3, ನೆರೆಯವರು 2. ನೆರೆಯವರನ್ನು 4 ಮಾಡಿದರೆ ಅದೇ ಸಹಕಾರ ಕುಸಿಯುತ್ತದೆ. ನಂಟು ಹೆಚ್ಚಿದಷ್ಟೂ ಒಳ್ಳೆಯದು ಅನ್ನುವವರು ಇದನ್ನು ಗಮನಿಸಬೇಕು.

ಸೂತ್ರಕ್ಕೆ ಷರತ್ತುಗಳಿವೆ. ಜಾಗ ಯಾರಿಗೆ ಸಿಗುತ್ತದೆ ಎಂಬುದರ ಮೇಲೆ ಅಂಕಗಳ ಪ್ರಭಾವ ಸಣ್ಣದು ಎಂಬ ಊಹೆ ಒಂದು. ಮೊದಲು ಜಾಗ ತೆರವಾಗಿ, ಆಮೇಲೆ ಪೈಪೋಟಿ ನಡೆಯಬೇಕು ಎಂಬುದು ಇನ್ನೊಂದು. ಗೆದ್ದವರೇ ಮೊದಲು ಆಯ್ಕೆಯಾಗಿ ಪಕ್ಕದವರನ್ನು ತಳ್ಳುವ ನಿಯಮವಿದ್ದರೆ, ಗಡಿಯಲ್ಲಿ 6 ಮತ್ತು 2 ನೇರ ಮುಖಾಮುಖಿ. ಆಗ ಹಸಿರಿಗೆ ಉಳಿಗಾಲವಿಲ್ಲ.

[ಪರದೆ: ಒಂದು ಕೊಂಡಿ ಕಡಿದು ಬೇರೆಡೆ ಜೋಡಣೆ]

ಮನುಷ್ಯರ ವಿಷಯದಲ್ಲಿ ಇನ್ನೊಂದು ಹಿಡಿತವಿದೆ: ನಂಟು ಕಡಿಯುವ ಹಕ್ಕು. ರ‍್ಯಾಂಡ್, ಆರ್ಬ್ಸ್‌ಮನ್, ಕ್ರಿಸ್ಟಾಕಿಸ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದುರಿನವರ ಹಿಂದಿನ ನಡೆ ತೋರಿಸಿ, ಕೊಂಡಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಲಾಯಿತು. ಪ್ರತಿ ಸುತ್ತಿನಲ್ಲಿ 30% ಜೋಡಿಗಳಿಗೆ ಈ ಅವಕಾಶ ಸಿಕ್ಕಾಗ ಸಹಕಾರ ಉಳಿಯಿತು. 10%ಗೆ ಇಳಿಸಿದಾಗ ಕರಗಿತು. ಹಕ್ಕು ಇದ್ದರೆ ಸಾಲದು, ಬೇಗ ಕೈಗೆ ಸಿಗಬೇಕು.

ಕಡತ ಹಂಚುವ ಬಿಟ್‌ಟೊರೆಂಟ್ ಈ ವೇಗವನ್ನು ಸಾಫ್ಟ್‌ವೇರ್‌ನಲ್ಲೇ ಇಟ್ಟಿದೆ. ಯಾರು ಹೆಚ್ಚು ವೇಗವಾಗಿ ಕೊಡುತ್ತಿದ್ದಾರೆ ಎಂದು ಪ್ರತಿ 10 ಸೆಕೆಂಡಿಗೊಮ್ಮೆ ನೋಡಿ, ಮೂಲ ವಿನ್ಯಾಸದಂತೆ ನಾಲ್ಕು ಜನರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಹೊಸಬರ ಬಳಿ ಕೊಡಲು ಏನೂ ಇರುವುದಿಲ್ಲವಲ್ಲ, ಅದಕ್ಕೇ 30 ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ ಲೆಕ್ಕ ನೋಡದೆ ಅವಕಾಶ ಕೊಡುತ್ತದೆ. ಬಿಟ್ಟಿ ಗಿರಾಕಿಗಳು ನುಸುಳುವುದೂ ಇದೇ ಕಿಂಡಿಯಿಂದ. ಮುಚ್ಚಿದರೆ ಹೊಸಬರು ಹೊರಗೇ ಉಳಿಯುತ್ತಾರೆ, ಅಗಲ ಮಾಡಿದರೆ ಕೊಡುವವರಿಗೆ ಕೊಡುವ ಕಾರಣವೇ ಉಳಿಯುವುದಿಲ್ಲ.