ನೋಡುವುದು ಮತ್ತು ನೋಡಿಕೊಳ್ಳುವುದು

ಅಧ್ಯಕ್ಷರೇ, ಸ್ನೇಹಿತರೇ,

ಇಂದು ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಹಸಿರು ಮನಸ್ಸಿಗೆ ಒಳ್ಳೆಯದು ಎಂಬುದನ್ನು ಒಪ್ಪಿಸಲು ನಾನು ಬರಬೇಕಾಗಿರಲಿಲ್ಲ. ಅದು ನಿಮಗೆಲ್ಲ ಗೊತ್ತೇ ಇದೆ. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ನಮ್ಮ ಭಾಷೆಯ ಎರಡು ಮಾತುಗಳು. ಮಗುವನ್ನು ನೋಡಿ ಬರುವವರು ಬೇರೆ, ಮಗುವನ್ನು ನೋಡಿಕೊಳ್ಳುವವರು ಬೇರೆ. ಮರ, ತೋಪು, ಕೊಳಗಳ ವಿಷಯದಲ್ಲಿ ನಾವು ಮೊದಲನೆಯದರಲ್ಲೇ ನಿಂತುಬಿಟ್ಟಿದ್ದೇವೆ.

ನೋಡುವುದರಿಂದ ಲಾಭವಿಲ್ಲ ಎನ್ನುತ್ತಿಲ್ಲ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನ ನಿಮ್ಮಲ್ಲಿ ಹಲವರಿಗೆ ಪರಿಚಿತ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 23 ರೋಗಿಗಳ ಕಿಟಕಿಯಾಚೆ ಮರಗಳಿದ್ದವು, ಇನ್ನು 23 ಮಂದಿಯ ಕಿಟಕಿಯಾಚೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಬರೀ ಕಿಟಕಿಯೇ ಇಷ್ಟು ಮಾಡುತ್ತದೆ.

ಈಗ ಅಮೆರಿಕದ ಫಿಲಡೆಲ್ಫಿಯಾ ನಗರದ ಕಥೆ ಕೇಳಿ. ಸಂಶೋಧಕರು ಅಲ್ಲಿ ಪಾಳುಬಿದ್ದ 541 ನಿವೇಶನಗಳನ್ನು ಆಯ್ದು ಮೂರು ಗುಂಪು ಮಾಡಿದರು. ಕೆಲವನ್ನು ಶುಚಿಗೊಳಿಸಿ, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ತಗ್ಗಾದ ಮರದ ಬೇಲಿ ಹಾಕಿದರು. ಕೆಲವುಗಳಲ್ಲಿ ಕಸ ಮಾತ್ರ ತೆಗೆದರು. ಉಳಿದವನ್ನು ಹಾಗೆಯೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶ: ಹಾಗೆಯೇ ಬಿಟ್ಟ ಜಾಗಗಳ ಬಳಿ ಇದ್ದವರಿಗೆ ಹೋಲಿಸಿದರೆ, ಹಸಿರಾದ ಜಾಗಗಳ ಬಳಿ ಇದ್ದವರಲ್ಲಿ ಖಿನ್ನತೆಯ ಭಾವನೆ ಶೇ. 41.5ರಷ್ಟು ಇಳಿದಿತ್ತು. ಕಸ ತೆಗೆದಷ್ಟಕ್ಕೇ ಬಿಟ್ಟ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಗಮನಿಸಿ, ಹಸಿರಾದ ಜಾಗಗಳನ್ನು ನೆಟ್ಟು ಬಿಟ್ಟುಹೋಗಿರಲಿಲ್ಲ. ಮತ್ತೆ ಮತ್ತೆ ಬಂದು ನೋಡಿಕೊಂಡಿದ್ದರು. ನೋಡಿಕೊಂಡವರು ಆ ನಿವಾಸಿಗಳಲ್ಲ, ಬೇರೆಯವರು. ಬೇರೆಯವರು ಆರೈಕೆ ಮಾಡಿದ ಜಾಗಕ್ಕೇ ಈ ಶಕ್ತಿಯಿದ್ದರೆ, ನಾವೇ ಕೈಹಾಕಿದ ಜಾಗಕ್ಕೆ?

ಇದಕ್ಕೆ ನನ್ನ ಬಳಿ ಇರುವ ಉತ್ತರ ಅಂಕಿಅಂಶದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂದು ವರ್ಷ ನನಗೆ ಸರಿಯಾದ ನಿದ್ದೆ ಇರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನವರೆಗೆ ಅವೇ ನಾಲ್ಕು ಯೋಚನೆ. ಮನೆಯ ಹತ್ತಿರ ಒಂದು ಕೊಳವಿದೆ. ಆಗ ನೀರೇ ಕಾಣದಷ್ಟು ಕಳೆ ಹಬ್ಬಿತ್ತು. ಪಕ್ಕದ ಮನೆಯವರು ಒಂದು ಭಾನುವಾರ ಬಾಗಿಲು ತಟ್ಟಿ, “ಕಳೆ ಎಳೆಯಲು ಒಂದು ಕೈ ಕಡಿಮೆಯಾಗಿದೆ, ಬರುತ್ತೀರಾ?” ಎಂದರು. ‘ಬನ್ನಿ, ನಿಮ್ಮ ಮನಸ್ಸಿಗೆ ಹಿತವಾಗುತ್ತದೆ’ ಎಂದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಆ ವರ್ಷವೆಲ್ಲ ಎಲ್ಲರೂ ನನಗೆ ಏನನ್ನಾದರೂ ಕೊಡಲೆಂದೇ ಬರುತ್ತಿದ್ದರು. ನನ್ನಿಂದ ಏನಾದರೂ ಬೇಕೆಂದು ಬಂದವರು ಅವರೊಬ್ಬರೇ.

ಮೊದಲ ದಿನ ಬೆನ್ನುನೋವು ಬಿಟ್ಟರೆ ಬೇರೇನೂ ಸಿಗಲಿಲ್ಲ. ಚಾಪೆಯಷ್ಟು ಅಗಲ ನೀರು ಕಂಡಿತ್ತು. ಹೋಗದಿದ್ದರೆ ಅದು ಮತ್ತೆ ಮುಚ್ಚಿಕೊಳ್ಳುತ್ತದಲ್ಲ ಎಂದು ಮುಂದಿನ ವಾರವೂ ಹೋದೆ. ಐದನೆಯದೋ ಆರನೆಯದೋ ವಾರ, ಎಂದಿನಂತೆ ಮೂರಕ್ಕೆ ಎಚ್ಚರವಾಯಿತು. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ನಾನು ಬಿದಿರಿನ ಗಳುವಿನ ಬಗ್ಗೆ ಯೋಚಿಸುತ್ತಿದ್ದೆ! ನಡುಕೊಳದ ಕಳೆಗೆ ಎಟುಕಬೇಕಾದರೆ ಅದು ಎಷ್ಟು ಉದ್ದವಿರಬೇಕು ಎಂದು. ದುಃಖ ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲಿ ಒಂದು ಗಳು ಬಂದು ಕುಳಿತಿತ್ತು.

ಒಂದೇ ನೋವನ್ನು ಮೆಲುಕು ಹಾಕುವ ಈ ಚಾಳಿಯನ್ನು ವಿಜ್ಞಾನಿಗಳೂ ಅಳೆದಿದ್ದಾರೆ. ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ, ನಿಸರ್ಗದ ನಡುವೆ 90 ನಿಮಿಷ ನಡೆದವರಲ್ಲಿ ಅದು ಕಡಿಮೆಯಾಯಿತು. ವಾಹನ ತುಂಬಿದ ರಸ್ತೆಯ ಬದಿಯಲ್ಲಿ ನಡೆದವರಲ್ಲಿ ಆಗಲಿಲ್ಲ. ಅದೂ ನಡೆದು ಬಂದವರ ಮಾತು. ನೋಡಿಕೊಳ್ಳುವವರಿಗೆ ಇನ್ನೊಂದು ಸಿಗುತ್ತದೆ: ಮುಂದಿನ ವಾರ. ಖಿನ್ನತೆಯಲ್ಲಿ ಮೊದಲು ಕಳೆದುಹೋಗುವುದು ಅದೇ ಅಲ್ಲವೇ? ನೆಟ್ಟ ಸಸಿಗೆ ನಾಳೆ ನೀರು ಬೇಕು; ನಾಳೆ ಎಂಬುದೊಂದು ಇದೆ ಎಂದು ಅದು ನಮ್ಮಿಂದ ಒಪ್ಪಿಸುತ್ತದೆ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಐದು ನಿಮಿಷವಂತೆ. ಕಣ್ಣೆದುರೇ ಹಾಳಾಗುವ ಪರಿಸರ ಮನಸ್ಸಿಗೆ ತರುವ ಸಂಕಟದ ಬಗ್ಗೆ ಹೇಳಬೇಕೆಂದಿದ್ದೆ, ಅದನ್ನು ಬಿಡುತ್ತೇನೆ. ಒಂದು ಮಾತನ್ನು ಮಾತ್ರ ಬಿಡಲಾರೆ. ಇದು ಔಷಧಕ್ಕೆ, ವೈದ್ಯರಿಗೆ ಬದಲಿ ಅಲ್ಲ. ನಾನೂ ವೈದ್ಯರ ಬಳಿ ಹೋಗಿದ್ದೆ, ಮಾತ್ರೆಯನ್ನೂ ತೆಗೆದುಕೊಂಡೆ. ಬದುಕೇ ಬೇಡವೆನಿಸುವಷ್ಟು ಕುಸಿದವರನ್ನು ಕೊಳಕ್ಕೆ ಕರೆಯಬೇಡಿ, ಜೊತೆಗಿದ್ದು ವೈದ್ಯರ ಬಳಿಗೆ ಕರೆದೊಯ್ಯಿರಿ.

ಬಗ್ಗಲಾಗದವರು ಏನು ಮಾಡಬೇಕು ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೇಳಿದರು. ದಡದಲ್ಲಿ ಕುಳಿತು ಹಕ್ಕಿ, ಕಪ್ಪೆಗಳ ಲೆಕ್ಕ ಬರೆದಿಡಿ. ಅದೂ ನೋಡಿಕೊಳ್ಳುವುದೇ. ನಮ್ಮ ಕೊಳದ ಲೆಕ್ಕದ ಪುಸ್ತಕ ಮೂರು ತಿಂಗಳಿಂದ ಖಾಲಿಯಿದೆ, ಬರೆಯುತ್ತಿದ್ದವರ ಕಣ್ಣು ಮಂಜಾಗಿದೆ.

ಕೊಳದ ಅರ್ಧ ಇನ್ನೂ ಕಳೆಯ ಅಡಿಯಲ್ಲಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಅಲ್ಲಿರುತ್ತೇವೆ. ಗಳುಗಳು ಆರು ಇವೆ, ಹಿಡಿಯುವವರು ನಾಲ್ವರೇ ಇದ್ದೇವೆ.