ಜೀವ ಹೋದ ಕೂಡಲೇ ನರ್ಸ್ ಕಿಟಕಿ ತೆರೆಯೋದು ಯಾಕೆ?

ನಮಸ್ಕಾರ. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ವೀಕ್ಷಕಿಯೊಬ್ಬರು ಬರೆದಿದ್ದಾರೆ: "ರೋಗಿ ತೀರಿಕೊಂಡ ಕೂಡಲೇ ಇಲ್ಲಿನ ಹಿರಿಯ ನರ್ಸ್‌ಗಳು ಮಾತಿಲ್ಲದೆ ಹೋಗಿ ಕಿಟಕಿ ತೆರೆಯುತ್ತಾರೆ. ಯಾಕೆ? ನಮ್ಮ ವಾರ್ಡಿನ ಕಿಟಕಿ ಅಂಗೈ ಅಗಲ ಮಾತ್ರ ತೆರೆಯುತ್ತೆ. ಅಷ್ಟು ಸಾಕಾ?"

ಮೊದಲ ಪ್ರಶ್ನೆಗೆ ಉತ್ತರ ಒಂದೇ ಸಾಲು. ಆತ್ಮ ಹೊರಗೆ ಹೋಗಲಿ ಅಂತ. ಐರ್ಲೆಂಡ್, ಬ್ರಿಟನ್‌ಗಳ ಹಳೇ ರೂಢಿ. 'ಪ್ರಾಣಪಕ್ಷಿ ಹಾರಿಹೋಯಿತು' ಅನ್ನೋ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿ ಅಂದಮೇಲೆ ದಾರಿ ಬೇಕಲ್ಲ!

ಆ ಹಕ್ಕಿಯನ್ನು ತೂಗಲು ಹೊರಟವರೂ ಇದ್ದರು. ಅಮೆರಿಕದ ಡಾಕ್ಟರ್ ಡಂಕನ್ ಮ್ಯಾಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ 'ಆತ್ಮದ ತೂಕ 21 ಗ್ರಾಂ' ಲೆಕ್ಕ ಕೇಳಿರ್ತೀರಿ. ಸಾಯುವ ಹೊತ್ತಿನಲ್ಲಿ ತೂಗಿದ್ದು 6 ರೋಗಿಗಳನ್ನು, ಆ ಅಂಕಿ ಒಬ್ಬರದು. ಇದು ಪುರಾವೆಯಲ್ಲ. ಮುಂದೆ ಹೋಗೋಣ, ನನಗೆ ಹೇಳಬೇಕಿರೋದು ಇನ್ನೊಂದು ಕಿಟಕಿಯ ಕಥೆ.

1947, ಲಂಡನ್. ಸಿಸಿಲಿ ಸಾಂಡರ್ಸ್ ನರ್ಸ್ ಆಗಿ ಕಲಿತವರು. ಬೆನ್ನುನೋವು ತಾಳಲಾರದೆ ಆ ಕೆಲಸ ಬಿಟ್ಟು, ಆಸ್ಪತ್ರೆಯಲ್ಲೇ ಸಮಾಜಕಾರ್ಯಕರ್ತೆಯಾಗಿದ್ದರು. ಅಲ್ಲಿ ಸಿಕ್ಕವರು ಡೇವಿಡ್ ಟಾಸ್ಮಾ. ಪೋಲೆಂಡಿನ ಯಹೂದಿ, ಕ್ಯಾನ್ಸರ್, ಹತ್ತಿರ ತನ್ನವರು ಅನ್ನೋರಿಲ್ಲ. ಸಾಯುವವರಿಗೆ ಎಂಥ ಜಾಗ ಬೇಕು ಅಂತ ಇಬ್ಬರೂ ಕೂತು ಮಾತಾಡ್ತಿದ್ದರು. 1948ರಲ್ಲಿ ಅವರು ತೀರಿಕೊಂಡಾಗ ಸಿಸಿಲಿಗೆ ಬಿಟ್ಟುಹೋದದ್ದು 500 ಪೌಂಡ್, ಜೊತೆಗೆ ಒಂದು ಮಾತು: ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರ್ತೀನಿ.

ಯಾವ ಮನೆ? ಸೈಟಿಲ್ಲ, ಪಾಯ ಇಲ್ಲ. ಇದ್ದದ್ದು ಕಿಟಕಿ ಒಂದೇ. ಅದರ ಸುತ್ತ ಗೋಡೆ ಏಳೋಕೆ 19 ವರ್ಷ ಬೇಕಾಯಿತು. ನಡುವೆ ಸಿಸಿಲಿ ಓದಿ ಡಾಕ್ಟರೂ ಆದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ಸಾಯುವ ಹಂತದ ರೋಗಿಗಳನ್ನು ನೋಡಿಕೊಳ್ಳುವ ಮನೆ, ಬಾಗಿಲು ತೆರೆಯಿತು. ಇವತ್ತು ಬೆಂಗಳೂರಿನ ಕರುಣಾಶ್ರಯದಂಥ ಕಡೆ ನಡೆಯುವ ಆರೈಕೆಯ ಬೇರು ಅಲ್ಲಿದೆ. ನಾನು ಇದನ್ನು ಯಾರಿಗೆ ಹೇಳಿದರೂ ಗಂಟಲು ಕಟ್ಟುತ್ತೆ.

ಟೈಮ್ ಆಗ್ತಿದೆ, ಇನ್ನೆರಡು ಬೇಗ ಹೇಳಿಬಿಡ್ತೀನಿ. ಕೊನೆಗಳಿಗೆಯ ರೋಗಿಯನ್ನು 'ಮಾತಾಡಿಸಿ, ಅವರಿಗೆ ಕೇಳಿಸುತ್ತೆ' ಅಂತ ನರ್ಸ್‌ಗಳು ಹೇಳ್ತಾರಲ್ಲ? ಕೆನಡಾದ 2020ರ ಅಧ್ಯಯನದಲ್ಲಿ ಪ್ರಜ್ಞೆ ತಪ್ಪಿದ್ದ ಕೆಲವು ಹಾಸ್ಪೀಸ್ ರೋಗಿಗಳ ಮಿದುಳು ಶಬ್ದಕ್ಕೆ ಸ್ಪಂದಿಸಿದ್ದು ಕಂಡಿತು. ಅರ್ಥವಾಗುತ್ತಿತ್ತು ಅನ್ನೋದಕ್ಕೆ ಅದು ಸಾಕ್ಷಿಯಲ್ಲ, ಆದರೂ ಮಾತಾಡಿಸಿ. ಎರಡನೇದು, ಅಮೆರಿಕದ ವರ್ಜೀನಿಯಾದ ನರ್ಸ್ ಜೊನಾಥನ್ ಬಾರ್ಟಲ್ಸ್ ಶುರುಮಾಡಿದ ಪದ್ಧತಿ: ಜೀವ ಹೋದಮೇಲೆ ಡಾಕ್ಟರ್, ನರ್ಸ್ ಎಲ್ಲರೂ ಹಾಸಿಗೆ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋದು. ಕಿಟಕಿಯೇ ತೆರೆಯದ ನಮ್ಮ ಏಸಿ ಐಸಿಯುಗಳಲ್ಲೂ ಇದನ್ನು ಮಾಡಬಹುದು, ಮಾಡಲೇಬೇಕು.

ಇನ್ನು ಅಂಗೈ ಅಗಲದ ಪ್ರಶ್ನೆ. ಸಾಕು ಅಕ್ಕ. ಗುಬ್ಬಿ ಅಷ್ಟರಲ್ಲೇ ನುಸುಳುತ್ತೆ.