19.5 ಮಿಲಿಮೀಟರ್ ಎತ್ತರದ ಪ್ರಯಾಣಿಕ: ಮಾದರಿ ರೈಲಿನ ಗೊಂಬೆಗಳಿಗೂ ಕಟ್ಟಡಗಳಿಗೂ ಬಣ್ಣ ಹಚ್ಚುವ ಬಗೆ

[ದೃಶ್ಯ: ಬೆರಳ ತುದಿಯ ಮೇಲೆ ನಿಂತಿರುವ, ಬಣ್ಣವಿಲ್ಲದ ಒಂದು ಗೊಂಬೆ. ಕ್ಯಾಮೆರಾ ನಿಧಾನವಾಗಿ ಹತ್ತಿರ ಸರಿಯುತ್ತದೆ.]

ನನ್ನ ಬೆರಳ ತುದಿಯಲ್ಲಿ ನಿಂತಿರುವ ಈ ಪ್ರಯಾಣಿಕನ ಎತ್ತರ 19.5 ಮಿಲಿಮೀಟರ್. ಕೈಯಲ್ಲಿ ಪೆಟ್ಟಿಗೆ ಹಿಡಿದು, ತಲೆಗೆ ಟೋಪಿ ಇಟ್ಟು, ರೈಲಿನ ದಾರಿ ಕಾಯುತ್ತಿರುವ ಇವನಿಗೆ ಇನ್ನೂ ಒಂದು ಹನಿ ಬಣ್ಣವೂ ಸೋಕಿಲ್ಲ. 170 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 87ರಿಂದ ಭಾಗಿಸಿದಾಗ ಸಿಗುವ ಗಾತ್ರ ಇದು. ಹವ್ಯಾಸಿಗಳು ಎಚ್‌ಓ ಎಂದು ಕರೆಯುವ ಈ ಪ್ರಮಾಣದಲ್ಲಿ 1435 ಮಿಲಿಮೀಟರ್ ಅಗಲದ ರೈಲುಹಳಿ 16.5 ಮಿಲಿಮೀಟರಿಗೆ ಇಳಿಯುತ್ತದೆ. 160ರಲ್ಲಿ ಒಂದು ಭಾಗವಾದ ಎನ್ ಪ್ರಮಾಣಕ್ಕೆ ಬಂದರೆ ಇದೇ ಮನುಷ್ಯ 10.6 ಮಿಲಿಮೀಟರ್ ಆಗುತ್ತಾನೆ. 220ರಲ್ಲಿ ಒಂದು ಭಾಗವಾದ ಝಡ್ ಪ್ರಮಾಣದಲ್ಲಿ ಅವನು ಎಂಟು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಇಂತಹ ಗೊಂಬೆಗಳನ್ನೂ ಕಟ್ಟಡಗಳ ಕಿಟ್‌ಗಳನ್ನೂ ತಯಾರಿಸುವುದು ಒಂದು ಹಳೆಯ ಉದ್ಯಮ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಗ್ಯೂಟೆನ್‌ಬಾಖ್ ಎಂಬ ಊರಿನಲ್ಲಿ ಫಾಲರ್ ಸಹೋದರರು 1946ರಲ್ಲಿ ಆರಂಭಿಸಿದ ಸಂಸ್ಥೆ ಕಟ್ಟಡಗಳಿಗೆ ಹೆಸರಾಯಿತು. ಗೊಂಬೆಗಳೆಂದರೆ ಪ್ರೈಸರ್ ಎನ್ನುವಷ್ಟರ ಮಟ್ಟಿಗೆ ಇನ್ನೊಂದು ಜರ್ಮನ್ ಸಂಸ್ಥೆ ಬೆಳೆಯಿತು. ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲ್ಯಾಂಡ್ ಎಂಬ ಬೃಹತ್ ಮಾದರಿ ಲೋಕದಲ್ಲಿ ಇದೇ 87ರ ಪ್ರಮಾಣದ ಎರಡು ಲಕ್ಷಕ್ಕೂ ಹೆಚ್ಚು ಪುಟ್ಟ ಮನುಷ್ಯರಿದ್ದಾರೆ. ನಮ್ಮ ಮೇಜಿನ ಮೇಲೆ ಇಂದು ಇರುವವನು ಒಬ್ಬನೇ. ಅವನೊಂದಿಗೆ ಒಂದು ಪುಟ್ಟ ನಿಲ್ದಾಣದ ಕಿಟ್ ಇದೆ.

ಬಣ್ಣದ ಸೀಸೆ ತೆರೆಯುವ ಮೊದಲು ಒಂದು ಲೆಕ್ಕ ಮಾಡೋಣ, ಏಕೆಂದರೆ ಮುಂದೆ ಮಾಡುವ ಪ್ರತಿಯೊಂದು ಆಯ್ಕೆಯೂ ಈ ಲೆಕ್ಕವನ್ನೇ ಅವಲಂಬಿಸಿದೆ. ಮಾದರಿಯನ್ನು ನೋಡುವವರು ಸಾಮಾನ್ಯವಾಗಿ ಅದರಿಂದ 60 ಸೆಂಟಿಮೀಟರ್ ದೂರದಲ್ಲಿ ನಿಂತಿರುತ್ತಾರೆ. ಆ ದೂರವನ್ನು 87ರಿಂದ ಗುಣಿಸಿದರೆ ಸುಮಾರು 52 ಮೀಟರ್ ಆಗುತ್ತದೆ. ಅಂದರೆ ನೀವು ಬಣ್ಣ ಹಚ್ಚಬೇಕಾಗಿರುವುದು ಎದುರಿಗೆ ಕುಳಿತು ಮಾತನಾಡುವ ಮನುಷ್ಯನಿಗಲ್ಲ, 52 ಮೀಟರ್ ಆಚೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿರುವ ಮನುಷ್ಯನಿಗೆ. ಅಷ್ಟು ದೂರದಿಂದ ಅಂಗಿಯ ಗುಂಡಿ ಕಾಣುವುದಿಲ್ಲ, ಕಣ್ಣಿನ ಬಿಳಿ ಕಾಣುವುದಿಲ್ಲ. ಟೋಪಿಯ ಅಂಚಿನ ಕೆಳಗಿನ ನೆರಳು ಕಾಣುತ್ತದೆ, ಕೋಟಿಗೂ ಪ್ಯಾಂಟಿಗೂ ಇರುವ ಬಣ್ಣದ ವ್ಯತ್ಯಾಸ ಕಾಣುತ್ತದೆ, ನಿಂತ ಭಂಗಿ ಕಾಣುತ್ತದೆ.

[ದೃಶ್ಯ: ಎರಡು ಗೊಂಬೆಗಳು ಪಕ್ಕಪಕ್ಕದಲ್ಲಿ. ಒಂದಕ್ಕೆ ಕಣ್ಣು ಬರೆಯಲಾಗಿದೆ, ಇನ್ನೊಂದಕ್ಕೆ ಇಲ್ಲ.]

ಹೊಸಬರು ಮೊದಲು ಎಡವುವುದು ಕಣ್ಣಿನಲ್ಲಿ. ತೆರೆದ ರೆಪ್ಪೆಗಳ ನಡುವಿನ ಎತ್ತರ ಸುಮಾರು 10 ಮಿಲಿಮೀಟರ್ ಎಂದಿಟ್ಟುಕೊಂಡರೆ ಎಚ್‌ಓ ಗೊಂಬೆಯಲ್ಲಿ ಅದು 0.11 ಮಿಲಿಮೀಟರ್ ಆಗುತ್ತದೆ, ಮತ್ತು ನಿಮ್ಮಲ್ಲಿರುವ ಅತಿ ಸಣ್ಣ ಕುಂಚ ಇಡುವ ಚುಕ್ಕೆಯೂ ಅದಕ್ಕಿಂತ ಎಷ್ಟೋ ದೊಡ್ಡದು. ಹಾಗೆ ಇಟ್ಟ ಬಿಳಿಯ ಚುಕ್ಕೆ ಮನುಷ್ಯನನ್ನು ಬೆಚ್ಚಿಬಿದ್ದವನಂತೆ ಕಾಣಿಸುತ್ತದೆ. ಎಡಗಡೆಯ ಗೊಂಬೆಯನ್ನು ನೋಡಿ. ಅದು ರೈಲನ್ನಲ್ಲ, ದೆವ್ವವನ್ನು ಕಂಡಂತಿದೆ. ಬಲಗಡೆಯ ಗೊಂಬೆಗೆ ನಾನು ಕಣ್ಣನ್ನೇ ಬರೆದಿಲ್ಲ. ಹುಬ್ಬಿನ ಕೆಳಗಿನ ಗುಳಿಯಲ್ಲಿ ನೀರಾಗಿಸಿದ ಕಂದು ಬಣ್ಣ ನಿಲ್ಲುವಂತೆ ಮಾಡಿದ್ದೇನೆ, ಅಷ್ಟೇ. ಇವನು ನೋಡುತ್ತಿದ್ದಾನೆ ಎಂದು ನಿಮ್ಮ ಕಣ್ಣು ತಾನಾಗಿಯೇ ಅರ್ಥ ಮಾಡಿಕೊಳ್ಳುತ್ತದೆ.

ಈಗ ಕೆಲಸಕ್ಕೆ ಬರೋಣ. ಪ್ಲಾಸ್ಟಿಕ್ ಗೊಂಬೆಯನ್ನು ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಅದರ ಮೈಮೇಲೆ ಉಳಿದಿರಬಹುದಾದ್ದರಿಂದ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಒಣಗಿಸಬೇಕು. ಅಚ್ಚಿನ ಎರಡು ಹೋಳುಗಳು ಸೇರುವಲ್ಲಿ ಮೂಡಿದ ಸಣ್ಣ ಗೆರೆ ತೋಳಿನುದ್ದಕ್ಕೂ, ಟೋಪಿಯ ಮೇಲೂ ಓಡುತ್ತದೆ. ಚೂರಿಯ ಅಲಗನ್ನು ನೇರವಾಗಿ ನಿಲ್ಲಿಸಿ ಕೆರೆದು ಅದನ್ನು ತೆಗೆಯಬೇಕು. ಕೊಯ್ಯಲು ಹೋದರೆ ತೋಳೇ ಹೋಗುತ್ತದೆ. ಅನಂತರ ಒಂದು ಮರದ ಪಟ್ಟಿಯ ಮೇಲೆ ಎರಡೂ ಕಡೆ ಅಂಟುವ ಟೇಪನ್ನು ಹಾಕಿ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಬಣ್ಣ ಹಿಡಿಯಲೆಂದು ಮೊದಲು ಕೊಡುವ ತಿಳಿ ಬೂದು ಲೇಪವಾದ ಪ್ರೈಮರನ್ನು ಸುಮಾರು 20 ಸೆಂಟಿಮೀಟರ್ ದೂರದಿಂದ ಹಗುರವಾಗಿ ಸಿಂಪಡಿಸಿ. ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲಿಯೇ ಮಾಡಬೇಕು.

ಹಗುರವಾಗಿ ಎಂದು ಏಕೆ ಹೇಳಿದೆನೆಂದರೆ, ಈ ಲೋಕದಲ್ಲಿ ಎಲ್ಲವನ್ನೂ 87ರಿಂದ ಭಾಗಿಸಬಹುದಾದರೂ ಬಣ್ಣದ ದಪ್ಪವನ್ನು ಭಾಗಿಸಲಾಗದು. ಒಂದು ಲೇಪ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದಪ್ಪವಾದರೂ, ಆ ಪ್ರಯಾಣಿಕನ ಮಟ್ಟಿಗೆ ಅದು ನಾಲ್ಕು ಮಿಲಿಮೀಟರಿಗೂ ಮೀರಿದ ಗಾರೆಯ ಪದರ. ಅಂತಹ ಮೂರು ಲೇಪಗಳ ಕೆಳಗೆ ಮೂಗು ಉಳಿಯುವುದಿಲ್ಲ, ಬೆರಳುಗಳು ಒಂದಾಗಿ ಕೈಗವಸಿನಂತಾಗುತ್ತವೆ. ಆದ್ದರಿಂದ ಅಕ್ರಿಲಿಕ್ ಬಣ್ಣವನ್ನು ಹಾಲಿನ ಹದಕ್ಕೆ ನೀರು ಬೆರೆಸಿ, ಒಂದು ಲೇಪ ಪೂರ್ತಿ ಒಣಗಿದ ಮೇಲೆ ಇನ್ನೊಂದನ್ನು ಕೊಡಿ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಯಾವಾಗಲೂ ಮೇಲು.

ಕುಂಚದ ವಿಚಾರದಲ್ಲಿ ನನ್ನದೊಂದು ಹಠವಿದೆ. ಚಿಕ್ಕ ಗೊಂಬೆಗೆ ಚಿಕ್ಕ ಕುಂಚ ಎಂದುಕೊಂಡು ಮೂರು ಸೊನ್ನೆಯ ಕುಂಚವನ್ನು ಕೊಳ್ಳುವವರು ಬಹಳ. ಅದು ಹಿಡಿಯುವ ಬಣ್ಣ ಎಷ್ಟು ಕಡಿಮೆಯೆಂದರೆ, ಕೈ ಗೊಂಬೆಯನ್ನು ತಲುಪುವಷ್ಟರಲ್ಲಿ ತುದಿ ಒಣಗಿರುತ್ತದೆ. ಹೊಟ್ಟೆಯಲ್ಲಿ ಬಣ್ಣ ತುಂಬಿಕೊಂಡು ತುದಿಯಲ್ಲಿ ಸೂಜಿಯಂತೆ ಕೂಡುವ, ಒಂದನೆಯ ಅಥವಾ ಸೊನ್ನೆಯ ಅಂಕಿಯ ಒಳ್ಳೆಯ ಕುಂಚವೊಂದಿದ್ದರೆ ಸಾಕು. ಕೂದಲನ್ನು ಹಿಡಿದಿರುವ ಲೋಹದ ಕೊಳವೆಯೊಳಗೆ ಬಣ್ಣ ಹೋಗಿ ಗಟ್ಟಿಯಾದರೆ ಆ ತುದಿ ಮತ್ತೆ ಕೂಡುವುದಿಲ್ಲ.

[ದೃಶ್ಯ: ಗೊಂಬೆಗೆ ಬಣ್ಣ ಹಚ್ಚುವ ಹಂತಗಳು, ಸಮೀಪದಿಂದ.]

ಬಣ್ಣ ಹಚ್ಚುವ ಕ್ರಮ ಬಟ್ಟೆ ತೊಡುವ ಕ್ರಮವೇ ಆಗಿದೆ. ಮೊದಲು ಚರ್ಮ, ಆಮೇಲೆ ಅಂಗಿ, ಅದರ ಮೇಲೆ ಕೋಟು, ಕಡೆಗೆ ಟೋಪಿ ಮತ್ತು ಪೆಟ್ಟಿಗೆ. ಒಳಗಿನಿಂದ ಹೊರಕ್ಕೆ ಬಂದರೆ, ಮುಖಕ್ಕೆ ಹಚ್ಚುವಾಗ ಕೊರಳಪಟ್ಟಿಗೆ ತಾಗಿದ ಬಣ್ಣವನ್ನು ಮುಂದಿನ ಲೇಪ ತಾನೇ ಮುಚ್ಚುತ್ತದೆ. ಅಪ್ಪಟ ಕಪ್ಪನ್ನೂ ಅಪ್ಪಟ ಬಿಳಿಯನ್ನೂ ಮುಟ್ಟಬೇಡಿ. ದೂರದ ವಸ್ತುಗಳ ಬಣ್ಣ ಗಾಳಿಯ ಮೂಲಕ ಬರುವಾಗ ಮಂಕಾಗುವುದರಿಂದ ಕಪ್ಪು ಕೋಟಿಗೆ ಗಾಢ ಬೂದು, ಬಿಳಿ ಅಂಗಿಗೆ ಸ್ವಲ್ಪ ಕೆನೆಬಣ್ಣ ಸಾಕು. ಕೆಂಪು, ಹಳದಿಗಳಿಗೆ ಒಂದಿಷ್ಟು ಬೂದು ಬೆರೆಸಿ.

ಇನ್ನು ನೆರಳು. ಹಗಲಿನಲ್ಲಿ ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುವುದರಿಂದ ಅವನ ಬೆಳಕಿನಲ್ಲಿ ಬಟ್ಟೆಯ ಪ್ರತಿಯೊಂದು ಮಡಿಕೆಗೂ ಸ್ಪಷ್ಟವಾದ ಅಂಚಿನ ನೆರಳು ಬೀಳುತ್ತದೆ. ಕೋಣೆಯೊಳಗಿನ ಟ್ಯೂಬ್‌ಲೈಟಿನ ಬೆಳಕಾದರೋ ಉದ್ದಕ್ಕೂ ಹರಡಿಕೊಂಡಿರುತ್ತದೆ, ಗೋಡೆಗಳಿಂದಲೂ ಚಿಮ್ಮಿ ಬರುತ್ತದೆ. ಅದರಡಿಯಲ್ಲಿ ಮಡಿಕೆಯ ನೆರಳು ಕರಗಿಹೋಗುತ್ತದೆ. ಸೂರ್ಯ ಮಾಡಬೇಕಿದ್ದ ಕೆಲಸವನ್ನು ಆದ್ದರಿಂದ ಕುಂಚ ಮಾಡಬೇಕಾಗುತ್ತದೆ. ಗಾಢ ಕಂದು ಬಣ್ಣವನ್ನು ಚಹಾದಷ್ಟು ತೆಳುವಾಗಿಸಿ ಗೊಂಬೆಯ ಮೇಲೆ ಬಿಟ್ಟರೆ ಅದು ಮಡಿಕೆಗಳಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಇದಕ್ಕೆ ವಾಶ್ ಎನ್ನುತ್ತಾರೆ. ಒಣಗಿದ ಮೇಲೆ, ಬಹುತೇಕ ಒರೆಸಿ ಒಣಗಿಸಿದ ಕುಂಚದಲ್ಲಿ ಮೂಲ ಬಣ್ಣಕ್ಕಿಂತ ತುಸು ತಿಳಿಯಾದ ಬಣ್ಣವನ್ನು ಹೆಗಲು, ಮೊಣಕಾಲು, ಟೋಪಿಯ ಅಂಚುಗಳ ಮೇಲೆ ತೇಲಿಸಿದಂತೆ ಸವರಬೇಕು. ಇದು ಡ್ರೈ ಬ್ರಷಿಂಗ್. ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಬೇಕೇ ಬೇಕು, ಏಕೆಂದರೆ ಹೊಳೆಯುವ ಕೋಟು ತೊಟ್ಟವನನ್ನು ಯಾವ ವಾಶ್ ಕೂಡ ಮನುಷ್ಯನನ್ನಾಗಿಸಲಾರದು.

[ದೃಶ್ಯ: ನಿಲ್ದಾಣದ ಕಿಟ್‌ನ ಬಿಡಿಭಾಗಗಳು ಅಚ್ಚಿನ ಚೌಕಟ್ಟಿನಲ್ಲಿ.]

ಕಟ್ಟಡಕ್ಕೆ ಬರೋಣ. ಭಾಗಗಳನ್ನು ಚೌಕಟ್ಟಿನಿಂದ ತಿರುಚಿ ಮುರಿಯದೆ, ಚಪ್ಪಟೆ ಬಾಯಿಯ ಕಟ್ಟರಿನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯಂತಹ ತುಣುಕನ್ನು ಅರದಿಂದ ಉಜ್ಜಿ ತೆಗೆಯಿರಿ. ಗೋಡೆಗಳಿಗೂ ಕಿಟಕಿ ಚೌಕಟ್ಟುಗಳಿಗೂ ಜೋಡಿಸುವ ಮೊದಲೇ ಬಣ್ಣ ಹಚ್ಚುವುದು ಸುಲಭ, ಆದರೆ ಅಂಟು ಬೀಳುವ ಅಂಚುಗಳನ್ನು ಬಣ್ಣವಿಲ್ಲದೆ ಬಿಡಬೇಕು. ಪಾಲಿಸ್ಟೈರೀನ್ ಕಿಟ್‌ಗಳಿಗೆ ಬಳಸುವ ದ್ರವದ ಅಂಟು ನಿಜವಾಗಿ ಪ್ಲಾಸ್ಟಿಕ್ಕನ್ನೇ ಕರಗಿಸುವ ದ್ರಾವಕ. ಎರಡು ಅಂಚುಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ಸೋಕಿಸಿದರೆ ದ್ರವ ತಾನಾಗಿಯೇ ಸಂದಿನುದ್ದಕ್ಕೂ ಓಡುತ್ತದೆ, ಎರಡೂ ಬದಿಗಳನ್ನು ಮೆತ್ತಗಾಗಿಸಿ ಆವಿಯಾಗುತ್ತದೆ, ಗೋಡೆಗಳು ಬೆಸೆದುಕೊಳ್ಳುತ್ತವೆ. ನಡುವೆ ಬಣ್ಣದ ಪದರವಿದ್ದರೆ ಅದು ಕರಗಿಸುವುದು ಬಣ್ಣವನ್ನು ಮಾತ್ರ.

ನಾನು ಮೊದಲು ಕಟ್ಟಿದ ನಿಲ್ದಾಣದ ಕಿಟಕಿಗಳಿಗೆ ಅವಸರದಲ್ಲಿ ಸೂಪರ್ ಗ್ಲೂ ಹಾಕಿ, ಮಾಡನ್ನೂ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಗಾಜುಗಳ ಮೇಲೂ ಒಳಗಿನಿಂದ ಬಿಳಿಯ ಮಂಜು ಕಟ್ಟಿತ್ತು. ಆ ಅಂಟಿನ ಆವಿ ಮುಚ್ಚಿದ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಹೀಗೆ ಕೂರುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಚಳಿಗಾಲದ ನಿಲ್ದಾಣವೆಂದು ಕೆಲವು ದಿನ ಸಮಾಧಾನ ಮಾಡಿಕೊಂಡು, ಕೊನೆಗೆ ಮಾಡನ್ನೇ ಕಿತ್ತು ಗಾಜುಗಳನ್ನು ಬದಲಿಸಿದೆ. ಕಿಟಕಿಯ ಗಾಜಿಗೆ ಬಿಳಿಯ ಪಿವಿಎ ಅಂಟೇ ಸರಿ. ಒಣಗಿದ ಮೇಲೆ ಅದು ಪಾರದರ್ಶಕವಾಗುತ್ತದೆ.

ಇಟ್ಟಿಗೆ ಗೋಡೆಯಲ್ಲಿಯೂ ಅದೇ ದೂರದ ಲೆಕ್ಕ ಮರಳಿ ಬರುತ್ತದೆ. 10 ಮಿಲಿಮೀಟರ್ ಅಗಲದ ಗಾರೆಯ ಸಂದು ಎಚ್‌ಓ ಪ್ರಮಾಣದಲ್ಲಿ 0.11 ಮಿಲಿಮೀಟರ್ ಆಗಬೇಕು. ಕಿಟ್ ತಯಾರಿಸುವವರು ಅದನ್ನು ಕಾಣುವಂತೆ ಅಗಲಿಸಿರುವುದೇ ಹೆಚ್ಚು. ಅದಕ್ಕೆ ಮತ್ತೆ ಅಪ್ಪಟ ಬಿಳಿ ತುಂಬಿದರೆ ಗೋಡೆ ಬಲೆಯಂತೆ ಕಾಣುತ್ತದೆ. ನಾನು ಇಟ್ಟಿಗೆಯ ಬಣ್ಣವನ್ನು ಒಂದು ದಿನ ಒಣಗಲು ಬಿಟ್ಟು, ತಿಳಿ ಬೂದು ಬಣ್ಣವನ್ನು ನೀರಾಗಿಸಿ ಇಡೀ ಗೋಡೆಗೆ ಹರಡಿ, ಅರೆ ಒಣಗಿದಾಗ ತುಸು ಒದ್ದೆಯಾದ ಬಟ್ಟೆಯಿಂದ ಓರೆಯಾಗಿ ಒರೆಸುತ್ತೇನೆ. ಸಂದಿನ ಸಾಲಿನುದ್ದಕ್ಕೂ ಒರೆಸಿದರೆ ಒಳಗಿನ ಬೂದು ಬಟ್ಟೆಗೆ ಹತ್ತಿ ಹೊರಗೆ ಬಂದುಬಿಡುತ್ತದೆ. ಅನಂತರ ಅಲ್ಲೊಂದು ಇಲ್ಲೊಂದು ಇಟ್ಟಿಗೆಯನ್ನು ತುಸು ಗಾಢ ಅಥವಾ ತುಸು ಕಿತ್ತಳೆ ಮಾಡಿದರೆ ಸಾಕು.

ಒಳಗೆ ಎಲ್‌ಇಡಿ ದೀಪವಿಡುವುದಾದರೆ ಗೋಡೆಗಳ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಳಿಯಬೇಕು. ಕಪ್ಪಿಲ್ಲದಿದ್ದರೆ ತೆಳುವಾದ ಪ್ಲಾಸ್ಟಿಕ್ ಗೋಡೆಯೇ ಕಾಗದದ ದೀಪದಂತೆ ಬೆಳಗುತ್ತದೆ. ಬಿಳಿಯಿಲ್ಲದಿದ್ದರೆ ಕೋಣೆಯೊಳಗೆ ಬೆಳಕು ಹರಡುವುದಿಲ್ಲ.

[ದೃಶ್ಯ: ಮಳೆನೀರಿನ ಕಲೆಗಳನ್ನು ಎಳೆಯುತ್ತಿರುವ ಕುಂಚ.]

ಹೊಸ ಕಟ್ಟಡವನ್ನು ಹಳೆಯದಾಗಿಸುವುದು ಬಹುಮಂದಿ ಕೈಮೀರಿ ಹೋಗುವ ಹಂತ. ಕೊಳೆಗೆ ಕಾರಣ ಬೇಕು. ಮಳೆನೀರು ಕಿಟಕಿಯ ಹೊಸ್ತಿಲಿನ ಎರಡು ತುದಿಗಳಿಂದ ಇಳಿಯುತ್ತದೆ, ಆದ್ದರಿಂದ ಕಲೆಯೂ ಅಲ್ಲಿಂದಲೇ, ನೇರವಾಗಿ ಕೆಳಕ್ಕೆ ಇಳಿಯಬೇಕು. ನೆಲದಿಂದ ಚಿಮ್ಮುವ ಕೆಸರು ಗೋಡೆಯ ಬುಡದಲ್ಲಿ ಮಾತ್ರ ಇರುತ್ತದೆ. ಮಸಿ ಚಿಮಣಿಯ ಸುತ್ತ ಇರುತ್ತದೆ. ಹಳಿಯ ಕಡೆಗಿರುವ ಗೋಡೆಗೆ ಬ್ರೇಕುಗಳಿಂದ ಹಾರುವ ಕಬ್ಬಿಣದ ಧೂಳು ತುಕ್ಕಿನ ಕಂದು ಬಣ್ಣವನ್ನು ಕೊಡುತ್ತದೆ, ಹಿಂಬದಿಯ ಗೋಡೆಗೆ ಅದು ಅಷ್ಟಾಗಿ ತಲುಪುವುದಿಲ್ಲ. ಪೇಸ್ಟಲ್ ಕಡ್ಡಿಯನ್ನು ಮರಳುಕಾಗದದ ಮೇಲೆ ಉಜ್ಜಿ ತೆಗೆದ ಪುಡಿಯನ್ನು ಮೆತ್ತನೆಯ ಕುಂಚದಿಂದ ಸವರಿದರೆ ಇವೆಲ್ಲ ಆಗುತ್ತವೆ.

ಕಟ್ಟಡವನ್ನು ನೆಲದ ಮೇಲೆ ಬರಿದೆ ಇಟ್ಟರೆ ಗೋಡೆಯಡಿಯ ಸಂದಿನಿಂದ ಬೆಳಕು ಇಣುಕಿ, ಇಡೀ ನಿಲ್ದಾಣ ತೇಲುತ್ತಿರುವಂತೆ ಕಾಣುತ್ತದೆ. ಬುಡವನ್ನು ಒಂದೆರಡು ಮಿಲಿಮೀಟರ್ ಹೂತು, ಸುತ್ತಲೂ ನೆಲದ ಪುಡಿಯನ್ನು ಒತ್ತರಿಸಬೇಕು. ಗೊಂಬೆಗಳನ್ನು ಆರಿಸುವಾಗ ಓಡುತ್ತಿರುವವರನ್ನು, ಕೈ ಬೀಸುತ್ತಿರುವವರನ್ನು ನಾನು ಆದಷ್ಟು ಬಿಡುತ್ತೇನೆ. ರೈಲು ಮಾತ್ರ ಚಲಿಸುವ ಈ ಲೋಕದಲ್ಲಿ ಕಾಲೆತ್ತಿದವನು ವರ್ಷಗಟ್ಟಲೆ ಕಾಲೆತ್ತಿಯೇ ಇರುತ್ತಾನೆ; ನಿಂತು ಕಾಯುವವನು, ಬೆಂಚಿನ ಮೇಲೆ ಕುಳಿತವನು, ಗೋಡೆಗೊರಗಿದವನು ಇರುವುದೇ ಹಾಗೆ.

[ದೃಶ್ಯ: ಚಿಮುಟದಲ್ಲಿ ಹಿಡಿದ ಗೊಂಬೆ ಪ್ಲಾಟ್‌ಫಾರ್ಮಿನತ್ತ ಇಳಿಯುತ್ತದೆ.]

ನಮ್ಮ ಪ್ರಯಾಣಿಕನ ವಾರ್ನಿಷ್ ಈಗ ಒಣಗಿದೆ. ಅವನ ಬೂಟಿನಡಿಗೆ ಹಲ್ಲುಕಡ್ಡಿಯ ತುದಿಯಿಂದ ಒಂದು ಚುಕ್ಕೆ ಅಂಟು ಹಚ್ಚಿ, ಚಿಮುಟದಿಂದ ನಿಲ್ಲಿಸಿ, ಕಣ್ಣನ್ನು ಪ್ಲಾಟ್‌ಫಾರ್ಮಿನ ಮಟ್ಟಕ್ಕೆ ಇಳಿಸಿ ಅವನು ವಾಲಿಲ್ಲವೆಂದು ನೋಡುತ್ತೇನೆ. ಅಂಟು ಹಿಡಿದ ಮೇಲೆ ಬೂಟಿಗೂ ನೆಲಕ್ಕೂ ನಡುವೆ ಅದೇ ಚಹಾದ ಹದದ ಕಂದು ಬಣ್ಣವನ್ನು ಒಂದೇ ಒಂದು ಹನಿ ಬಿಡುತ್ತೇನೆ. ಅದು ಬೂಟಿನ ಸುತ್ತ ಹರಿದು ನಿಲ್ಲುತ್ತದೆ, ಮತ್ತು 60 ಸೆಂಟಿಮೀಟರ್ ಹಿಂದೆ ಸರಿದು ನೋಡಿದರೆ ಅವನ ಭಾರ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿರುತ್ತದೆ.